ಎಲ್ಲ ಭಾರವೂ ಆ ಎರಡು ಟ್ರ್ಯಾಕಿನ ಮೇಲೆ

ಕಳೆದ ಬೇಸಿಗೆಯಲ್ಲಿ ದಾವಣಗೆರೆ ಕಡೆಯ ಗೆಳೆಯನೊಬ್ಬ ತನ್ನ ಫಾಯಿಲ್ ಬೋರ್ಡನ್ನು ಕಾರಿನಲ್ಲಿ ಹಾಕಿಕೊಂಡು ನಮ್ಮ ಮನೆಗೆ ಬಂದ. ನಾವಿಬ್ಬರೂ ಇರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಹಿಂದಿನ ದಿನ ಅವನು ಅಲಮೀಡಾದ ಕ್ರೌನ್ ಬೀಚಿಗೆ ಹೋಗಿದ್ದ. ಇಳಿತದ ಹೊತ್ತಿನಲ್ಲಿ ಅಲ್ಲಿ ಬಹಳ ದೂರದವರೆಗೂ ನೀರು ಮೊಣಕಾಲಿಗೇ ಬರುತ್ತದೆ. ಗಾಳಿ ಚೆನ್ನಾಗಿತ್ತು, ವೇಗದಲ್ಲಿ ಬರುತ್ತಿದ್ದ, ಕೆಳಗಿನ ರೆಕ್ಕೆ ಮರಳಿಗೆ ಹೊಡೆಯಿತು.

"ನೆಲಕ್ಕೆ ತಾಗ್ತು ಅಷ್ಟೇ ಕಣೋ, ಏನೂ ಆಗಿಲ್ಲ ಅನ್ಸುತ್ತೆ" ಅಂದ.

ಬೋರ್ಡನ್ನು ಮಗುಚಿ ಹಾಕಿ ಟಾರ್ಚ್ ಹಿಡಿದೆ. ಕೆಳಗಿನ ಕಂಬವನ್ನು ಬೋಲ್ಟ್ ಹಾಕಿ ಬಿಗಿಯುವ ಟ್ರ್ಯಾಕಿನ ಪಕ್ಕದಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು. ಹೆಬ್ಬೆರಳಲ್ಲಿ ಒತ್ತಿದೆ. ಬಿರುಕಿನಿಂದ ಒಂದು ಹನಿ ನೀರು ಮೇಲೆ ಬಂತು, ಬೆರಳು ತೆಗೆದರೆ ಒಳಗೆ ಹೋಯಿತು. ಊರಿಗೆ ಹೊರಡುವಾಗ ಸೂಟ್‌ಕೇಸ್ ತೂಗಲು ಇಟ್ಟುಕೊಂಡಿದ್ದ ಕೈತಕ್ಕಡಿಗೆ ಬೋರ್ಡನ್ನು ನೇತು ಹಾಕಿದೆವು. 6.1 ಕೆಜಿ ಇರಬೇಕಾದ ಬೋರ್ಡು 7.3 ಕೆಜಿ ತೋರಿಸಿತು. ಒಳಗೆ ಒಂದು ಲೀಟರಿಗಿಂತ ಜಾಸ್ತಿ ಸಮುದ್ರದ ನೀರು ಸೇರಿಕೊಂಡಿತ್ತು.

ಫಾಯಿಲ್ ಬೋರ್ಡ್ ನೋಡಿರದವರಿಗೆ ಸ್ವಲ್ಪ ಹೇಳುತ್ತೇನೆ. ಮೇಲೆ ಚಿಕ್ಕ ಸರ್ಫ್‌ಬೋರ್ಡ್. ಅದರ ಹೊಟ್ಟೆಗೆ ಬೋಲ್ಟ್ ಹಾಕಿ ಕೂರಿಸಿದ ಮಾಸ್ಟ್ ಎಂಬ ಕಂಬ, ಉದ್ದ 75ರಿಂದ 90 ಸೆಂಟಿಮೀಟರ್. ಕಂಬದ ತುದಿಯಲ್ಲಿ ಪುಟ್ಟ ವಿಮಾನದಂತೆ ಮುಂದೊಂದು ರೆಕ್ಕೆ, ಹಿಂದೊಂದು ಸಣ್ಣ ರೆಕ್ಕೆ. ನಾವು ಕೈಯಲ್ಲಿ ಗಾಳಿ ತುಂಬಿದ ವಿಂಗ್ ಎಂಬ ಹಾಯಿ ಹಿಡಿದು ನಿಲ್ಲುತ್ತೇವೆ. ವೇಗ ಸಿಕ್ಕಿತೆಂದರೆ ನೀರೊಳಗಿನ ರೆಕ್ಕೆ ಇಡೀ ಬೋರ್ಡನ್ನು ಎತ್ತುತ್ತದೆ. ಬೋರ್ಡಿಗೆ ನೀರು ತಾಗುವುದೇ ಇಲ್ಲ. ಆ ಕ್ಷಣಕ್ಕೆ ನೀರಿನ ಸದ್ದು ಪೂರ್ತಿ ನಿಲ್ಲುತ್ತದೆ. ಮೊದಲ ಸಲ ಅದನ್ನು ಅನುಭವಿಸಿದ ದಿನ ನನಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಇದರ ಹಿಂದಿರುವ ವಿದ್ಯೆ ಹಳೆಯದು. ಇಟಲಿಯ ಎನ್ರಿಕೊ ಫೋರ್ಲಾನಿನಿ 1906ರಲ್ಲೇ ಮಾಜ್ಜೋರೆ ಸರೋವರದಲ್ಲಿ ಫಾಯಿಲ್ ದೋಣಿ ಓಡಿಸಿದ್ದರು. ಟೆಲಿಫೋನಿನ ಗ್ರಹಾಂ ಬೆಲ್ ಮತ್ತು ಅವರ ಜೊತೆಗಾರರು ಕಟ್ಟಿದ ಎಚ್‌ಡಿ-4 ದೋಣಿ 1919ರಲ್ಲಿ ಗಂಟೆಗೆ 114 ಕಿಲೋಮೀಟರ್ ವೇಗದ ದಾಖಲೆ ಮಾಡಿತ್ತು. ಹವಾಯಿಯ ಸರ್ಫರುಗಳು ಇದನ್ನು ಬೋರ್ಡಿನ ಕೆಳಗೆ ತಂದದ್ದು ಬಹಳ ಆಮೇಲೆ.

ಗ್ಯಾರೇಜಿನಲ್ಲಿ ಬೋರ್ಡ್ ಕಟ್ಟುವವನಿಗೆ ಮುಖ್ಯವಾಗಿ ಬೇಕಾದದ್ದು ಒಂದು ಲೆಕ್ಕ. ಕಂಬ ಕೂರುವುದು ಬೋರ್ಡಿನೊಳಗೆ ಹುದುಗಿಸಿದ ಎರಡು ಟ್ರ್ಯಾಕಿನ ಮೇಲೆ. ರೈಲು ಹಳಿಯ ಹಾಗೆ ಅವು ಅಕ್ಕಪಕ್ಕ ಇರುತ್ತವೆ, ನಡುವಿನ ಅಂತರ 90 ಮಿಲಿಮೀಟರ್. ಕಂಬ 80 ಸೆಂಟಿಮೀಟರ್ ಅಂದುಕೊಳ್ಳಿ. ತುದಿಯಲ್ಲಿ ಪಕ್ಕದಿಂದ 20 ಕೆಜಿ ಬಲ ಬಿದ್ದರೆ, ಮೇಲೆ ಒಂದು ಟ್ರ್ಯಾಕನ್ನು 180 ಕೆಜಿಯಷ್ಟು ಕೀಳುತ್ತದೆ, ಇನ್ನೊಂದನ್ನು ಅಷ್ಟೇ ಒಳಗೆ ತಳ್ಳುತ್ತದೆ. ಮೊಳೆ ಕೀಳಲು ಹಾರೆ ಹಾಕಿದ ಹಾಗೆ. ಆಕಾರ ಸ್ವಲ್ಪ ಹೆಚ್ಚುಕಡಿಮೆ ಆದರೂ ಬೋರ್ಡು ತೇಲುತ್ತದೆ, ಹಾರುತ್ತದೆ. ಟ್ರ್ಯಾಕ್ ಅಲ್ಲಾಡಿದರೆ ಮಾತ್ರ ಅವತ್ತಿಗೆ ಬೋರ್ಡಿನ ಕಥೆ ಮುಗಿಯಿತು.

ನಾನು ಗಂಗೊಳ್ಳಿ ಕಡೆಯವನು. ನಮ್ಮ ಮಾವ ದೋಣಿಗಳಿಗೆ ಫೈಬರ್ ಹಚ್ಚುವ ಕೆಲಸ ಮಾಡುತ್ತಿದ್ದರು. ಶಾಲೆ ಬಿಟ್ಟಮೇಲೆ ಅವರ ಶೆಡ್ಡಿನಲ್ಲಿ ಕೂತು ನೋಡುವುದು ನನ್ನ ಅಭ್ಯಾಸ. ಗ್ಲಾಸ್ ನಾರಿನ ಮ್ಯಾಟ್ ಹಾಸಿ, ಬ್ರಶ್ಶಿನಲ್ಲಿ ರೆಸಿನ್ ಎಂಬ ಅಂಟು ದ್ರವ ಕುಡಿಸಿ, ರೋಲರಿನಲ್ಲಿ ಗಾಳಿ ಬಿಡಿಸುವುದು. ಆ ವಾಸನೆ ಈಗಲೂ ಮೂಗಿನಲ್ಲಿದೆ. ಇಲ್ಲಿ ಮೊದಲ ಬೋರ್ಡ್ ಕಟ್ಟುತ್ತೇನೆ ಎಂದು ಫೋನಿನಲ್ಲಿ ಹೇಳಿದಾಗ ಮಾವ ಕೇಳಿದ್ದು ಒಂದೇ ಪ್ರಶ್ನೆ: "ಒಳಗೆ ಎಂತ ಹಾಕ್ತೆ?"

ಥರ್ಮಾಕೋಲ್ ಅಂದೆ. ಗಣಪತಿ ಮಂಟಪಕ್ಕೆ ಬಳಸುತ್ತೇವಲ್ಲ, ಅದೇ ಜಾತಿ, ಸ್ವಲ್ಪ ಗಟ್ಟಿಯದು. ದೋಣಿಗೆ ಹಚ್ಚುವ ಪಾಲಿಯೆಸ್ಟರ್ ರೆಸಿನ್ ಅದಕ್ಕೆ ಆಗುವುದಿಲ್ಲ. ಅದರಲ್ಲಿರುವ ಸ್ಟೈರೀನ್ ಥರ್ಮಾಕೋಲನ್ನು ಕರಗಿಸಿಬಿಡುತ್ತದೆ. ನಾನು ಒಂದು ತುಂಡಿನ ಮೇಲೆ ನಾಲ್ಕು ಹನಿ ಹಾಕಿ ನೋಡಿದೆ. ಬಿಸಿ ನೀರಿಗೆ ಬಿದ್ದ ಸಕ್ಕರೆ ಹಾಗೆ ಕುಸಿದು ಗುಂಡಿ ಬಿತ್ತು. ಹಾಗಾಗಿ ಎಪಾಕ್ಸಿ ಎಂಬ ಬೇರೆ ಜಾತಿಯ ರೆಸಿನ್ನೇ ಬೇಕು. ಕ್ಯಾಲಿಫೋರ್ನಿಯಾದಲ್ಲಿ ಸರ್ಫ್‌ಬೋರ್ಡ್ ಕಟ್ಟುವವರು ಬಹುಕಾಲ ಪಾಲಿಯುರೆಥೇನ್ ಫೋಮನ್ನೇ ನಂಬಿದ್ದರು. ಅದನ್ನು ಹೆಚ್ಚಾಗಿ ಒದಗಿಸುತ್ತಿದ್ದ ಕ್ಲಾರ್ಕ್ ಫೋಮ್ 2005ರ ಡಿಸೆಂಬರ್ 5ರಂದು ಇದ್ದಕ್ಕಿದ್ದಂತೆ ಬಾಗಿಲು ಹಾಕಿತು. ಆಮೇಲೆ ಥರ್ಮಾಕೋಲ್ ಮತ್ತು ಎಪಾಕ್ಸಿ ಕಡೆ ತಿರುಗಿದವರು ತುಂಬ ಜನ. ಇವತ್ತು ನಮ್ಮಂಥವರಿಗೆ ಈ ಸಾಮಾನು ಸುಲಭವಾಗಿ ಸಿಗುವುದರಲ್ಲಿ ಅದರ ಪಾಲೂ ಇದೆ.

ನನ್ನ ತೂಕ 75 ಕೆಜಿ. ನನ್ನ ಬೋರ್ಡಿನ ಉದ್ದ 157 ಸೆಂಟಿಮೀಟರ್, ಅಗಲ 61, ದಪ್ಪ ಹನ್ನೊಂದೂವರೆ. ಎಲ್ಲ ಸೇರಿ ಗಾತ್ರ ಸುಮಾರು 85 ಲೀಟರ್. ಹೊಸದಾಗಿ ಕಲಿಯುವವರು ತಮ್ಮ ತೂಕದ ಕೆಜಿಗೆ ಒಂದೊಂದು ಲೀಟರ್, ಅದರ ಮೇಲೆ ಇಪ್ಪತ್ತು ಮೂವತ್ತು ಲೀಟರ್ ಇಟ್ಟುಕೊಂಡರೆ ಒಳ್ಳೆಯದು. ನಾನು ಅಷ್ಟರಲ್ಲಿ ಎರಡು ವರ್ಷ ಕಲಿತಿದ್ದೆ. ಫೋಮ್ ಒಂದು ಘನ ಮೀಟರಿಗೆ 24 ಕೆಜಿಯದು. 85 ಲೀಟರಿಗೆ ಎರಡು ಕೆಜಿ ಆಯಿತು. ಬಿಸಿ ತಂತಿಯಲ್ಲಿ ಕೊಯ್ಯುವಾಗ ಒಂದು ತುದಿ ನಾನು ಹಿಡಿದೆ, ಇನ್ನೊಂದು ನನ್ನ ಹೆಂಡತಿ. ಇಬ್ಬರೂ ಒಂದೇ ವೇಗದಲ್ಲಿ ಎಳೆಯಬೇಕು. ಒಬ್ಬರು ನಿಂತರೆ ಅಲ್ಲಿ ಗುಂಡಿ ಬೀಳುತ್ತದೆ. ಉಳಿದದ್ದು ಸ್ಯಾಂಡ್‌ಪೇಪರ್ ಮತ್ತು ತಾಳ್ಮೆ.

ಟ್ರ್ಯಾಕಿನ ಕೆಲಸಕ್ಕೆ ನಾನು ಪೂರ್ತಿ ಒಂದು ವಾರ ಕೊಟ್ಟೆ. ಥರ್ಮಾಕೋಲಿನಲ್ಲಿ ಸುಮ್ನೆ ಗುಂಡಿ ತೋಡಿ ಟ್ರ್ಯಾಕ್ ಅಂಟಿಸಿದರೆ ಅದು ನಾಲ್ಕು ದಿನವೂ ನಿಲ್ಲುವುದಿಲ್ಲ. ಆ ಜಾಗದ ಥರ್ಮಾಕೋಲನ್ನು ಹೊಟ್ಟೆಯಿಂದ ಬೆನ್ನಿನವರೆಗೂ ಆರಪಾರ ಕೊಯ್ದು ತೆಗೆದೆ. ಅಲ್ಲಿಗೆ ಪಿವಿಸಿ ಫೋಮಿನ ದಪ್ಪ ತುಂಡು ಕೂರಿಸಿದೆ. ಅದು ಘನ ಮೀಟರಿಗೆ 80 ಕೆಜಿ, ಥರ್ಮಾಕೋಲಿಗಿಂತ ಬಹಳ ಗಟ್ಟಿ. ಕೂರಿಸುವ ಮೊದಲು ಅದರ ಸುತ್ತ ಗ್ಲಾಸ್ ಬಟ್ಟೆ ಸುತ್ತಿದೆ. ಬಟ್ಟೆಯ ಅಂಚು ಮೇಲೂ ಕೆಳಗೂ ನಾಲ್ಕು ಬೆರಳು ಮಡಚಿ ಬೋರ್ಡಿನ ಮೈಗೆ ಅಂಟಬೇಕು. ಕಂಬ ಎಳೆದರೆ ಆ ಬಲ ಟ್ರ್ಯಾಕಿನಿಂದ ತುಂಡಿಗೆ, ತುಂಡಿನ ಸುತ್ತಲ ಬಟ್ಟೆಗೆ, ಅಲ್ಲಿಂದ ನಾವು ನಿಲ್ಲುವ ಬೆನ್ನಿನ ಪದರಕ್ಕೆ ಹೋಗಬೇಕು. ಬಲ ಹೊಟ್ಟೆಯ ತೆಳು ಪದರದಲ್ಲೇ ನಿಂತರೆ ಆ ಪದರ ಸೀಳುತ್ತದೆ. ಗೆಳೆಯನ ಬೋರ್ಡಿನಲ್ಲಿ ಆದದ್ದು ಅದೇ, ಆಮೇಲೆ ಬಿಚ್ಚಿದಾಗ ಗೊತ್ತಾಯಿತು.

ಟ್ರ್ಯಾಕ್ ಅಂಟಿಸುವ ರೆಸಿನ್‌ಗೆ ಸಿಲಿಕಾ ಪುಡಿ, ಗ್ಲಾಸ್ ನಾರಿನ ಚೂರು ಕಲಸಬೇಕು. ಹದ ಹೇಗೆ ಅಂದರೆ, ಉದ್ದಿನ ವಡೆಯ ಹಿಟ್ಟಿನ ಹಾಗೆ. ಕೋಲಲ್ಲಿ ಎತ್ತಿದರೆ ಜಾರಬಾರದು. ದೋಸೆ ಹಿಟ್ಟಿನ ಹದ ಆದರೆ ಹರಿದು ತಳ ಸೇರುತ್ತದೆ, ಪಕ್ಕದಲ್ಲಿ ಪೊಳ್ಳು ಉಳಿಯುತ್ತದೆ. ಎರಡೂ ಟ್ರ್ಯಾಕನ್ನು ಕಂಬದ ತಳದ ಪ್ಲೇಟಿಗೇ ಬೋಲ್ಟ್ ಹಾಕಿ ಬಿಗಿದು, ಪ್ಲೇಟಿಗೆ ಮೇಣ ಸವರಿ, ಹಾಗೇ ಗುಂಡಿಗೆ ಇಳಿಸಿದೆ. ಹೀಗೆ ಮಾಡಿದರೆ ಅಂತರ ತಪ್ಪುವ ಮಾತೇ ಇಲ್ಲ. ಬೋರ್ಡನ್ನು ರಸಮಟ್ಟ ಇಟ್ಟು ನೇರ ಮಾಡಿದೆ, ಕಂಬಕ್ಕೆ ಮೂಲೆಮಟ್ಟ ಹಿಡಿದೆ. ಕಂಬ ಒಂದು ಡಿಗ್ರಿ ವಾಲಿದರೂ ಬೋರ್ಡು ಜೀವನವಿಡೀ ಒಂದು ಕಡೆಗೆ ಎಳೆಯುತ್ತದೆ. ರಾತ್ರಿ ಎರಡು ಸಲ ಎದ್ದು ಹೋಗಿ ನೋಡಿ ಬಂದೆ.

ಬೋರ್ಡಿನ ಮೈಗೆ ಗ್ಲಾಸ್ ಬಟ್ಟೆ ಹಾಸುವ ಹೊತ್ತು ಯಾವುದು ಅನ್ನುವುದೂ ಮುಖ್ಯ. ನಮ್ಮ ಗ್ಯಾರೇಜ್ ಪಡುವಣಕ್ಕೆ ಮುಖ ಮಾಡಿದೆ. ಬೆಳಿಗ್ಗೆ 15 ಡಿಗ್ರಿ, ಮಧ್ಯಾಹ್ನ ಬಿಸಿಲು ಬಾಗಿಲಿಗೆ ಬಿದ್ದರೆ 28. ಮೊದಲು ನಾನು ಬೆಳಿಗ್ಗೆ ಶುರು ಮಾಡಿದೆ. ಹೊತ್ತು ಏರಿದಂತೆ ಥರ್ಮಾಕೋಲಿನೊಳಗಿನ ಗಾಳಿ ಹಿಗ್ಗಿ ಹೊರಗೆ ಬಂತು. ಹಸಿ ರೆಸಿನ್ ತುಂಬ ಗುಳ್ಳೆ. ಈಗ ಸಂಜೆ ಐದರ ನಂತರವೇ ಹಾಸುತ್ತೇನೆ. ಗ್ಯಾರೇಜ್ ತಣ್ಣಗಾಗುತ್ತಾ ಹೋದಂತೆ ಫೋಮ್ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ, ಜೊತೆಗೆ ರೆಸಿನ್ನನ್ನೂ. ಮೇಲೆ ಪ್ಲಾಸ್ಟಿಕ್ ಚೀಲ ಮುಚ್ಚಿ, ಹಳೇ ಫ್ರಿಜ್ಜಿನ ಕಂಪ್ರೆಸರಿನಿಂದ ಮಾಡಿಕೊಂಡ ಪಂಪಿನಲ್ಲಿ ಗಾಳಿ ಎಳೆಯುತ್ತೇನೆ. ಒತ್ತಡದ ಅಳತೆಯಲ್ಲಿ 12 ಇಂಚು ಪಾದರಸದಷ್ಟು ಸಾಕು. ಪೂರ್ತಿ ಎಳೆದರೆ ಈ ಹಗುರ ಫೋಮ್ ಚಪ್ಪಟೆಯಾಗುತ್ತದೆ.

ಒಂದು ತಪ್ಪು ನನಗೆ ದುಬಾರಿಯಾಯಿತು. ಎಪಾಕ್ಸಿ ಗಟ್ಟಿಯಾಗಲು ಅದಕ್ಕೆ ಹಾರ್ಡನರ್ ಎಂಬ ಇನ್ನೊಂದು ದ್ರವ ಬೆರೆಸಬೇಕು. ಡಬ್ಬಿಯ ಮೇಲೆ ಎರಡಕ್ಕೆ ಒಂದು ಎಂದು ಬರೆದಿತ್ತು. ಅದು ಅಳತೆಯ ಲೆಕ್ಕ, ತೂಕದ್ದಲ್ಲ. ಹಾರ್ಡನರ್ ರೆಸಿನ್‌ಗಿಂತ ಹಗುರ. ನನ್ನ ರೆಸಿನ್‌ನಲ್ಲಿ 100 ಗ್ರಾಂಗೆ 44 ಗ್ರಾಂ ಹಾಕಬೇಕಿತ್ತು. ನಾನು ಅಡುಗೆಮನೆ ತಕ್ಕಡಿಯಲ್ಲಿ 50 ತೂಗಿ ಹಾಕಿದೆ. ವಾರ ಕಳೆದರೂ ಉಗುರು ಒತ್ತಿದರೆ ಗುರುತು ಬೀಳುತ್ತಿತ್ತು, ಬಿಸಿಲಿಗಿಟ್ಟರೆ ಮೆತ್ತಗಾಗುತ್ತಿತ್ತು. ಬೆನ್ನಿನ ಪದರ ಪೂರ್ತಿ ಸುಲಿದು ಮತ್ತೆ ಹಾಸಿದೆ. ಒರೆಸಲು ಅಸಿಟೋನ್ ಮುಟ್ಟುವ ಹಾಗಿಲ್ಲ, ಅದೂ ಥರ್ಮಾಕೋಲನ್ನು ತಿನ್ನುತ್ತದೆ. ಸ್ಪಿರಿಟ್ಟಿನಲ್ಲೇ ಒರೆಸಿದೆ. ಈಗ ಆ 44 ಅನ್ನು ಮಾರ್ಕರಿನಲ್ಲಿ ದೊಡ್ಡದಾಗಿ ಗೋಡೆಯ ಮೇಲೇ ಬರೆದಿದ್ದೇನೆ.

ಗೆಳೆಯನ ಬೋರ್ಡಿಗೆ ಬರುತ್ತೇನೆ. ನೀರು ಕುಡಿದ ಬೋರ್ಡನ್ನು ಅವಸರದಲ್ಲಿ ಮುಚ್ಚಬಾರದು. ಬಾಲದ ಹತ್ತಿರ ಒಂದು, ಮೂತಿಯ ಹತ್ತಿರ ಒಂದು ತೂತು ಕೊರೆದು, ಬಾಲ ಕೆಳಗೆ ಮಾಡಿ ಗೋಡೆಗೆ ಒರಗಿಸಿದೆವು. ದಿನಕ್ಕೆ ಒಂದೆರಡು ಗಂಟೆ ಪಂಪ್ ಹಚ್ಚಿದೆ. ಪ್ರತಿ ಭಾನುವಾರ ಅವನು ಬರುತ್ತಿದ್ದ, ಕಾಫಿ ಕುಡಿದು ಇಬ್ಬರೂ ತೂಗುತ್ತಿದ್ದೆವು. 7.3 ಇದ್ದದ್ದು 6.8, ಆಮೇಲೆ 6.4, ಆಮೇಲೆ 6.2. ನಾಲ್ಕನೇ ಭಾನುವಾರವೂ 6.2 ಇತ್ತು. ಆಗ ಗರಗಸ ತೆಗೆದೆ.

ಟ್ರ್ಯಾಕಿನ ಸುತ್ತ ಕೊಯ್ದು ಎತ್ತಿದರೆ ಒಳಗೆ ಗಟ್ಟಿ ಫೋಮ್ ಅರ್ಧ ಆಳಕ್ಕೆ ಮಾತ್ರ ಇತ್ತು. ಅದರ ಕೆಳಗಿನ ಥರ್ಮಾಕೋಲ್ ಪುಡಿಯಾಗಿ, ಉಪ್ಪು ಕಟ್ಟಿ, ನೆನೆದ ರಸ್ಕಿನ ಹಾಗಿತ್ತು. ಎಲ್ಲ ಕೆರೆದು ತೆಗೆದು ಬೆನ್ನಿನವರೆಗೂ ಹೊಸ ತುಂಡು ಕೂರಿಸಿದೆವು. ಹೊಟ್ಟೆಯ ಪದರಕ್ಕೆ ತೇಪೆ ಹಾಕುವ ಮೊದಲು ಮಾವನಿಗೆ ವೀಡಿಯೊ ಕಾಲ್ ಮಾಡಿದೆ. ಅವರು ಬೋರ್ಡನ್ನು ನೋಡಲೇ ಇಲ್ಲ, ಅಂಚನ್ನು ನೋಡಿದರು.

"ಹಳತ್ ಕೆರೆಯದೆ ಹೊಸತ್ ಹಚ್ಬೇಡ ಮಾರಾಯ."

ಬಣ್ಣವೆಲ್ಲ ಹೋಗಿ ಗ್ಲಾಸಿನ ನೇಯ್ಗೆ ಕಾಣುವವರೆಗೆ ಸುತ್ತ ಐದು ಸೆಂಟಿಮೀಟರ್ ಉಜ್ಜಿದೆ. ಅಂಚು ಇಳಿಜಾರಾಗಿ ತೆಳುವಾಗಬೇಕು. ಅದರ ಮೇಲೆ ಮೂರು ಪದರ, ಒಂದಕ್ಕಿಂತ ಒಂದು ಒಂದೊಂದು ಬೆರಳು ಅಗಲ. ಒಣಗಿದ ಮೇಲೆ ಮೈಮೇಲೆ ಜಿಡ್ಡಿನಂಥ ಪೊರೆ ಕಟ್ಟಿರುತ್ತದೆ. ಉಜ್ಜುವ ಮೊದಲು ಅದನ್ನು ನೀರಿನಲ್ಲಿ ತೊಳೆಯಬೇಕು. ಇಲ್ಲದಿದ್ದರೆ ಮುಂದಿನ ಪದರ ಹಿಡಿಯುವುದಿಲ್ಲ.

ಇನ್ನೊಂದು ಮಾತು. ನೈಟ್ರೈಲ್ ಗ್ಲೌಸು, ಒಳ್ಳೆಯ ಮಾಸ್ಕು ಇಲ್ಲದೆ ದಯವಿಟ್ಟು ಎಪಾಕ್ಸಿ ಮುಟ್ಟಬೇಡಿ. ಇವತ್ತು ಏನೂ ಆಗದೇ ಇರಬಹುದು. ಆದರೆ ಒಮ್ಮೆ ಮೈಗೆ ಅಲರ್ಜಿ ಹತ್ತಿತೆಂದರೆ ಆಮೇಲೆ ಸ್ವಲ್ಪ ತಾಗಿದರೂ ಚರ್ಮ ಏಳುತ್ತದೆ. ನಮ್ಮ ಮಾವನ ಜೊತೆ ಕೆಲಸ ಮಾಡುತ್ತಿದ್ದವರು ಬರಿಗೈಯಲ್ಲೇ ರೆಸಿನ್ ಕಲಸುತ್ತಿದ್ದರು. ಅವರ ಕೈ ನೆನಪಾದರೆ ಈಗಲೂ ಸಂಕಟವಾಗುತ್ತದೆ.

ಬೋಲ್ಟಿನ ವಿಷಯವೂ ಹೇಳಿಬಿಡುತ್ತೇನೆ. ಅಲ್ಯೂಮಿನಿಯಂ ಕಂಬಕ್ಕೆ ಸ್ಟೇನ್‌ಲೆಸ್ ಬೋಲ್ಟ್ ಹಾಕಿ ಉಪ್ಪುನೀರಿಗೆ ಇಳಿಸಿದರೆ ಎರಡೂ ಕಚ್ಚಿಕೊಳ್ಳುತ್ತವೆ. ಪ್ರತಿ ಸಲ ಟೆಫ್-ಜೆಲ್ ಎಂಬ ಪೇಸ್ಟ್ ಸವರಿ, ಮನೆಗೆ ಬಂದ ಮೇಲೆ ಬಿಚ್ಚಿ ಸಿಹಿನೀರಲ್ಲಿ ತೊಳೆಯಿರಿ. ಕಚ್ಚಿಕೊಂಡ ಬೋಲ್ಟನ್ನು ಜೋರು ಮಾಡಿ ತಿರುಗಿಸಿ ಟ್ರ್ಯಾಕನ್ನೇ ಕಿತ್ತ ಬೋರ್ಡುಗಳು ನನ್ನ ಗ್ಯಾರೇಜಿಗೆ ಎರಡು ಬಂದಿವೆ.

ಸೆಪ್ಟೆಂಬರಿನ ಒಂದು ಶನಿವಾರ ಮತ್ತೆ ಅಲಮೀಡಾಕ್ಕೆ ಹೋದೆವು. ಈ ಸಲ ಅವನು ಉಬ್ಬರದ ಹೊತ್ತು ನೋಡಿಕೊಂಡೇ ಹೊರಟಿದ್ದ. ಹೊರಡುವ ಮುಂಚೆ ಗ್ಯಾರೇಜಿನಲ್ಲಿ ಬೋರ್ಡ್ ತೂಗಿದೆವು, 6.4 ಕೆಜಿ. ಅವನು ಎರಡು ಗಂಟೆ ನೀರಿನ ಮೇಲಿದ್ದ. ನಾನು ದಡದಲ್ಲಿ ಕೂತು ಅವನ ಬೋರ್ಡಿನ ಹೊಟ್ಟೆಯನ್ನೇ ನೋಡುತ್ತಿದ್ದೆ. ಸಂಜೆ ಮನೆಗೆ ಬಂದು ತೊಳೆದು, ಒರೆಸಿ, ಟ್ರ್ಯಾಕಿನ ಸುತ್ತ ಟಾರ್ಚ್ ಹಿಡಿದೆವು. ಗೆರೆ ಇರಲಿಲ್ಲ. ಮತ್ತೆ ಕೈತಕ್ಕಡಿಗೆ ಹಾಕಿದೆವು. ಅವನು ಸಂಖ್ಯೆಯನ್ನು ಜೋರಾಗಿ ಓದಿದ: "ಆರು ಪಾಯಿಂಟ್ ನಾಲ್ಕು."