ನಂಬರ್ ಬಂತು, ಆರ್ಡರ್ ಬರಲಿಲ್ಲ: ಎಸ್‌ಎಪಿ ಕನೆಕ್ಟರ್ ನೋಡಿಕೊಂಡ ನನ್ನ ಅನುಭವ

ಡೀಲರ್‌ಗಳು ಆರ್ಡರ್ ಹಾಕುವ ಹೊಸ ಪೋರ್ಟಲ್‌ನ ಟೆಸ್ಟಿಂಗ್ ನಡೆಯುತ್ತಿತ್ತು. ಪೋರ್ಟಲ್‌ನಲ್ಲಿ ಆರ್ಡರ್ ನಂಬರ್ ಸರಿಯಾಗಿ ಬರುತ್ತಿತ್ತು. ಅದೇ ನಂಬರನ್ನು ಕಂಪನಿಯ ವ್ಯವಹಾರ ನಡೆಸುವ ಎಸ್‌ಎಪಿ ಸಾಫ್ಟ್‌ವೇರ್‌ನಲ್ಲಿ, ಆರ್ಡರ್ ನೋಡುವ ವಿಎ03 ಸ್ಕ್ರೀನ್ ತೆರೆದು ಹುಡುಕಿದರೆ, ಅಂಥ ದಾಖಲೆ ಡೇಟಾಬೇಸ್‌ನಲ್ಲೇ ಇಲ್ಲ ಅನ್ನುತ್ತಿತ್ತು. ಜಾವಾ ತಂಡದ ಹುಡುಗ “ನಂಬರ್ ಬಂದಿದೆಯಲ್ಲ ಸರ್, ನಮ್ಮ ಕಡೆ ಎಲ್ಲ ಸರಿ ಇದೆ” ಅಂದ. ಬೇಸಿಸ್ (ಎಸ್‌ಎಪಿ ಸಿಸ್ಟಮ್‌ನ ನಿರ್ವಹಣೆ) ನೋಡುವ ಮೇಡಂ “ನಮ್ಮ ಕಡೆ ಒಂದು ಎರರ್ರೂ ಇಲ್ಲ, ಡಂಪೂ ಇಲ್ಲ” ಅಂದರು. ಇಬ್ಬರೂ ಹೇಳಿದ್ದು ನಿಜ. ಎರಡರ ನಡುವಿನ ಕನೆಕ್ಟರ್ ನನ್ನ ಜವಾಬ್ದಾರಿ. ಹಾಗಾಗಿ ಹುಡುಕುವ ಕೆಲಸ ನನಗೆ ಬಂತು.

ನಮ್ಮದು ಪೀಣ್ಯದಲ್ಲಿ ಬಿಡಿಭಾಗ ಮಾಡುವ ಕಂಪನಿ. ಪೋರ್ಟಲ್ ಓಡುವ ನಾಲ್ಕು ಅಪ್ಲಿಕೇಶನ್ ಸರ್ವರ್, ಹಿಂದೆ ಎಸ್‌ಎಪಿ ಇಸಿಸಿ, ನಡುವೆ ಜೇಕೋ 3, ಅಂದರೆ ಎಸ್‌ಎಪಿಯ ಜಾವಾ ಕನೆಕ್ಟರ್. ಇಂಥ ಜೋಡಣೆಗೆಂದೇ ಜಾವಾದಲ್ಲಿ 2001ರಿಂದ ಜೆಸಿಎ ಎಂಬ ಮಾನದಂಡ ಇದೆ. ಅದನ್ನು ಬಳಸಿದರೆ ಕನೆಕ್ಷನ್ ಪೂಲನ್ನು, ಅಂದರೆ ಮತ್ತೆ ಮತ್ತೆ ಬಳಸಲು ತೆರೆದಿಟ್ಟ ಕನೆಕ್ಷನ್‌ಗಳ ಗುಂಪನ್ನು, ಸರ್ವರೇ ನೋಡಿಕೊಳ್ಳುತ್ತದೆ. ನಾವು ಜೇಕೋವನ್ನು ನೇರವಾಗಿ ಬಳಸಿದ್ದರಿಂದ ಆ ಲೆಕ್ಕವೆಲ್ಲ ನಮ್ಮದೇ ಆಯಿತು.

ನಾನು ಟೆಸ್ಟ್ ಸರ್ವರಿನಲ್ಲಿ ಟ್ರೇಸ್ (ಪ್ರತಿ ಕರೆಯ ದಾಖಲೆ) ಹಾಕಿ ಕೂತೆ. ಆರ್ಡರ್ ಮಾಡುವ ಬಾಪಿ (ಹೊರಗಿನಿಂದ ಕರೆಯಬಹುದಾದ ಎಸ್‌ಎಪಿ ಫಂಕ್ಷನ್) ಕರೆ ಹೋಗಿತ್ತು. ಅದರ ಹಿಂದೆಯೇ ಕಮಿಟ್ ಮಾಡುವ, ಅಂದರೆ ಡೇಟಾವನ್ನು ಖಾಯಂ ಆಗಿ ಬರೆಸುವ, ಬಾಪಿ ಕೂಡ ಹೋಗಿತ್ತು. ಆದರೆ ಎರಡೂ ಒಂದೇ ಸೆಷನ್‌ನಲ್ಲಿ ಹೋಗಿರಲಿಲ್ಲ! ಬ್ಯಾಂಕಿನಲ್ಲಿ ಮೂರನೇ ಕೌಂಟರಿಗೆ ಚಲನ್ ಕೊಟ್ಟು, ಐದನೇ ಕೌಂಟರಿಗೆ ಹೋಗಿ “ಸೀಲ್ ಹಾಕಿ” ಅಂದರೆ ಅವರು ಯಾವುದಕ್ಕೆ ಹಾಕಬೇಕು? ಇಲ್ಲೂ ಅದೇ ಆಗಿತ್ತು. ಬೇರೆ ಏನೂ ಹೇಳದಿದ್ದರೆ ಜೇಕೋ ಪ್ರತಿ ಕರೆ ಮುಗಿದ ಕೂಡಲೇ ಕನೆಕ್ಷನ್ನನ್ನು ಪೂಲಿಗೆ ವಾಪಸ್ ಹಾಕುತ್ತದೆ. ಆ ಸೆಷನ್‌ನಲ್ಲಿ ಬರೆಯಲು ಕಾದಿದ್ದ ಡೇಟಾ ಅಲ್ಲಿಗೆ ಹೋಯಿತು. ಆಮೇಲೆ ಬಂದ ಕಮಿಟ್‌ಗೆ ಬರೆಯಲು ಏನೂ ಉಳಿದಿರಲಿಲ್ಲ. ಏನೂ ಇಲ್ಲದಿದ್ದರೆ ಅದು ಎರರ್ ಕೂಡ ಕೊಡುವುದಿಲ್ಲ. ನಂಬರ್ ಕೊಡುವ ವ್ಯವಸ್ಥೆ ಬೇರೆಯೇ ಆದ್ದರಿಂದ ನಂಬರ್ ಮಾತ್ರ ಖರ್ಚಾಗುತ್ತಿತ್ತು.

ಪರಿಹಾರ ಚಿಕ್ಕದು. ಮೊದಲ ಕರೆಗೆ ಮುಂಚೆ ಜೇಕೋ ಕಾಂಟೆಕ್ಸ್ಟ್ ಬಿಗಿನ್, ಕಮಿಟ್ ಆದ ಮೇಲೆ ಎಂಡ್. ನಡುವಿನ ಕರೆಗಳೆಲ್ಲ ಒಂದೇ ಕನೆಕ್ಷನ್‌ನಲ್ಲಿ ಹೋಗುತ್ತವೆ. ಕಮಿಟ್‌ಗೆ ವೇಟ್ ಎಂಬ ಪ್ಯಾರಾಮೀಟರ್ ಇದೆ, ಅದಕ್ಕೆ ಎಕ್ಸ್ ಕೊಡಿ. ಇಲ್ಲದಿದ್ದರೆ ಬರೆಯುವ ಕೆಲಸ ಮುಗಿಯುವ ಮುಂಚೆಯೇ ಕರೆ ವಾಪಸ್ ಬರುತ್ತದೆ, ತಕ್ಷಣ ಹುಡುಕಿದವರಿಗೆ ಆರ್ಡರ್ ಕಾಣದೇ ಹೋಗಬಹುದು. ರಿಟರ್ನ್ ಟೇಬಲ್‌ನಲ್ಲಿ ಇ (ಎರರ್) ಅಥವಾ ಎ (ಅಬಾರ್ಟ್) ಬಂದಿದ್ದರೆ ಕಮಿಟ್ ಬೇಡ, ಬರೆಯಲು ಕಾದಿದ್ದನ್ನು ರದ್ದು ಮಾಡುವ, ರೋಲ್‌ಬ್ಯಾಕ್ ಮಾಡಿ.

ಮಾರನೇ ದಿನ ಲೋಡ್ ಟೆಸ್ಟ್. ಸ್ವಲ್ಪ ಹೊತ್ತು ಚೆನ್ನಾಗಿ ನಡೆದು, ಆಮೇಲೆ ಎಲ್ಲ ನಿಂತಿತು. ಪ್ರತಿ ಕೋರಿಕೆಯೂ ಸರಿಯಾಗಿ 30 ಸೆಕೆಂಡ್ ಕಾದು, ಪೂಲ್ ಖಾಲಿ ಎಂಬ ಎರರ್ ಕೊಟ್ಟಿತು. ಆ 30 ಸೆಕೆಂಡೇ ಸುಳಿವು. ಕನೆಕ್ಷನ್‌ಗಾಗಿ ಜೇಕೋ ತಾನಾಗಿ ಕಾಯುವ ಸಮಯ ಅದು. ಲಿಮಿಟ್ ಜಾಸ್ತಿ ಮಾಡೋಣ ಅಂತ ಎಲ್ಲರೂ ಅಂದರು. ನಾನು ಮೊದಲು ಎಸ್‌ಎಪಿಯ ಗೇಟ್‌ವೇ ತೋರಿಸುವ ಎಸ್‌ಎಂಜಿಡಬ್ಲ್ಯೂ ಸ್ಕ್ರೀನ್‌ನಲ್ಲಿ ಕನೆಕ್ಷನ್‌ಗಳನ್ನು ನೋಡಿದೆ. ಎಲ್ಲ ತೆರೆದೇ ಇದ್ದವು, ಒಂದೂ ಕೆಲಸ ಮಾಡುತ್ತಿರಲಿಲ್ಲ. ಅಂದರೆ ಬಳಸಿದವರು ವಾಪಸ್ ಕೊಟ್ಟಿಲ್ಲ. ಕೋಡ್ ನೋಡಿದರೆ, ಎರರ್ ಬಂದಾಗ ಎಂಡ್ ಕರೆಯುವ ಸಾಲಿಗೆ ಹೋಗುತ್ತಲೇ ಇರಲಿಲ್ಲ. ಎಂಡ್ ಯಾವಾಗಲೂ, ಎರರ್ ಬಂದರೂ ಓಡುವ ಫೈನಲಿ ಭಾಗದ ಒಳಗೇ ಇರಬೇಕು. ಇದು ಬರೀ ಪೂಲಿನ ಪ್ರಶ್ನೆಯಲ್ಲ. ಅರ್ಧ ಕೆಲಸ ಉಳಿದ ಸೆಷನ್, ಅದೇ ಥ್ರೆಡ್‌ಗೆ (ಸರ್ವರಿನೊಳಗೆ ಕೋರಿಕೆ ನಡೆಸುವ ಎಳೆಗೆ) ಬಂದ ಮುಂದಿನ ಕೋರಿಕೆಗೆ ಸಿಗುತ್ತದೆ. ಅದರ ಕಮಿಟ್ ಹಳೆಯದನ್ನೂ ಸೇರಿಸಿ ಬರೆದುಬಿಡಬಹುದು. ಒಬ್ಬ ಡೀಲರ್ ಬಿಟ್ಟುಹೋದ ಆರ್ಡರ್ ಇನ್ನೊಬ್ಬರ ಕ್ಲಿಕ್‌ನಿಂದ ಪಾಸಾಗುತ್ತದೆ ಅಂದರೆ ಭಯ ಆಗುತ್ತೆ ಅಲ್ವಾ?

ಲಿಮಿಟ್ ಇಡುವಾಗ ನಾನು ಎಸ್‌ಎಪಿ ಕಡೆಯಿಂದ ಲೆಕ್ಕ ಶುರು ಮಾಡುತ್ತೇನೆ. ಕೆಲಸ ನಡೆಯುತ್ತಿರುವ ಪ್ರತಿ ಕರೆಗೂ ಅಲ್ಲಿ ಒಂದು ಡೈಲಾಗ್ ವರ್ಕ್ ಪ್ರೊಸೆಸ್ ಬೇಕು. ಬಿಲ್ಲಿಂಗ್, ಸ್ಟೋರ್ಸ್ ವಿಭಾಗದವರು ಬಳಸುವುದೂ ಅವನ್ನೇ. ನಮ್ಮಲ್ಲಿ ಅವು 40 ಇದ್ದವು. ಸರ್ವರಿಗೆ 50ರಂತೆ ಪೀಕ್ ಲಿಮಿಟ್ (ಏಕಕಾಲಕ್ಕೆ ತೆರೆಯಬಹುದಾದ ಕನೆಕ್ಷನ್‌ಗಳ ಮಿತಿ) ಇಟ್ಟರೆ ನಾಲ್ಕಕ್ಕೆ 200. ಡೀಲರ್‌ಗಳ ನೂಕುನುಗ್ಗಲಿನಲ್ಲಿ ಗೋದಾಮಿನವರ ಸ್ಕ್ರೀನ್ ನಿಲ್ಲುತ್ತದೆ. ನಾನು ಪೀಕ್ ಲಿಮಿಟ್ 6, ಪೂಲ್ ಕೆಪ್ಯಾಸಿಟಿ (ಕೆಲಸ ಇಲ್ಲದಾಗಲೂ ತೆರೆದಿಡುವ ಸಂಖ್ಯೆ) 3 ಇಟ್ಟೆ. ಕೆಪ್ಯಾಸಿಟಿಗಿಂತ ಜಾಸ್ತಿ ತೆರೆದವು ಕೆಲಸ ಮುಗಿದ ಮೇಲೆ ಮುಚ್ಚಿಕೊಳ್ಳುತ್ತವೆ. ಅಷ್ಟೇ ಸಾಕಾಯಿತು.

ಹೊಸದಾಗಿ ಹಾಕುವವರಿಗೆ ಇನ್ನೊಂದು ಮಾತು. ಜೇಕೋದ ಜಾರ್ ಫೈಲ್‌ನ ಹೆಸರು ಬದಲಾಯಿಸಬೇಡಿ, ಬದಲಾಯಿಸಿದರೆ ಓಡುವುದಿಲ್ಲ. ಪ್ರತಿ ಅಪ್ಲಿಕೇಶನ್ ಒಳಗೂ ಒಂದೊಂದು ಕಾಪಿ ಇಡಬೇಡಿ. ಅದರ ಜೊತೆ ಬರುವ ನೇಟಿವ್ ಲೈಬ್ರರಿಯನ್ನು ಒಂದು ಜೆವಿಎಂನಲ್ಲಿ (ಜಾವಾ ಓಡಿಸುವ ಎಂಜಿನ್‌ನಲ್ಲಿ) ಒಂದೇ ಕ್ಲಾಸ್‌ಲೋಡರ್ (ಕೋಡ್ ಒಳತರುವ ಭಾಗ) ಲೋಡ್ ಮಾಡಬಹುದು. ಸರ್ವರಿನಲ್ಲಿ ಎಲ್ಲ ಅಪ್ಲಿಕೇಶನ್‌ಗಳೂ ಹಂಚಿಕೊಳ್ಳುವ ಲೈಬ್ರರಿ ಫೋಲ್ಡರಿನಲ್ಲಿಡಿ. ಫೈರ್‌ವಾಲ್ ತಂಡಕ್ಕೆ ಇನ್‌ಸ್ಟೆನ್ಸ್ ನಂಬರ್ 00 ಆದರೆ ಗೇಟ್‌ವೇ ಪೋರ್ಟ್ 3300 ಎಂದು ಬರೆದುಕೊಡಿ. ಲೋಡ್ ಬ್ಯಾಲೆನ್ಸಿಂಗ್ ಇದ್ದರೆ ಮೆಸೇಜ್ ಸರ್ವರಿನ 36ರಿಂದ ಶುರುವಾಗುವ ಪೋರ್ಟೂ ಬೇಕು.

ಕನೆಕ್ಟರ್ ಎಸ್‌ಎಪಿಗೆ ಲಾಗಿನ್ ಆಗುವ ಯೂಸರ್‌ನ ಪಾಸ್‌ವರ್ಡ್ ಬದಲಾಯಿಸುವ ದಿನ ನಾನು ಅವಸರ ಮಾಡುವುದಿಲ್ಲ. ನಾಲ್ಕು ಸರ್ವರ್‌ಗಳೂ ಹಳೆಯ ಪಾಸ್‌ವರ್ಡ್‌ನಿಂದ ಸುಮ್ನೆ ಪ್ರಯತ್ನಿಸುತ್ತಾ ಹೋದರೆ ಐದು ತಪ್ಪಿಗೇ ಯೂಸರ್ ಲಾಕ್ ಆಗುತ್ತದೆ, ಎಸ್‌ಎಪಿಯ ಸಾಮಾನ್ಯ ಮಿತಿ ಅದೇ. ಹಾಗಾಗಿ ಮೊದಲು ನಾಲ್ಕನ್ನೂ ನಿಲ್ಲಿಸುತ್ತೇನೆ. ಮೇಡಂ ಯೂಸರ್‌ಗಳನ್ನು ನೋಡಿಕೊಳ್ಳುವ ಎಸ್‌ಯು01ರಲ್ಲಿ ಪಾಸ್‌ವರ್ಡ್ ಬದಲಾಯಿಸುತ್ತಾರೆ. ಒಂದೇ ಸರ್ವರ್ ಏಳಿಸಿ, ಪಿಂಗ್ ಮಾಡಿ, ಒಂದು ಟೆಸ್ಟ್ ಆರ್ಡರ್ ಹಾಕುತ್ತೇನೆ. ಮೇಡಂ ವಿಎ03ರಲ್ಲಿ ಆ ನಂಬರ್ ಕಂಡು “ಇದೆ ಸರ್” ಅಂದ ಮೇಲೆ ಉಳಿದ ಮೂರನ್ನು ಏಳಿಸುತ್ತೇನೆ.