ಮೊದಲು ಅವರ ಫೋಟೋ, ಆಮೇಲೆ ನನ್ನದು

ಕುತ್ತಿಗೆಗೆ ಎರಡು ಕ್ಯಾಮೆರಾ ನೇತುಹಾಕಿಕೊಂಡು ನಿಂತಿದ್ದರೂ ಮದುವೆ ಮನೆಯಲ್ಲಿ ಯಾರಾದರೊಬ್ಬರು ನನ್ನನ್ನೇ ಕೇಳುತ್ತಾರೆ, "ಫೋಟೋದವ್ರು ಎಲ್ಲವ್ವ?" ಅಂತ. ನಾನೇ ಅಂದರೆ, "ಅಲ್ಲ ಕಣವ್ವ, ನಿಮ್ಮನೆಯವ್ರು ಬರ್ಲಿಲ್ವಾ?"

ಹಾಸನದ ಸ್ಟುಡಿಯೋ ಒಂದರಲ್ಲಿ ಆರು ವರ್ಷ ಆಲ್ಬಂ ಡಿಸೈನ್ ಮಾಡಿಕೊಂಡಿದ್ದವಳು ನಾನು. ಯಾರೋ ತೆಗೆದ ಫೋಟೋಗಳನ್ನು ಹಾಳೆಗೆ ಕೂರಿಸುವ ಕೆಲಸ. ಮನೆಯವರು ಯಾವುದನ್ನು ದೊಡ್ಡದು ಮಾಡಿ ಅನ್ನುತ್ತಾರೆ, ಯಾವುದನ್ನು ತೆಗೆದುಹಾಕಿ ಅನ್ನುತ್ತಾರೆ ಅನ್ನುವುದು ಕ್ಯಾಮೆರಾ ಹಿಡಿಯುವ ಮೊದಲೇ ನನಗೆ ತಿಳಿದುಹೋಗಿತ್ತು. 2020ರಲ್ಲಿ ಮದುವೆಗೆ 50 ಜನ ಮಾತ್ರ ಅಂತ ಮಿತಿ ಬಂತಲ್ಲ, ಆಗ ಛತ್ರಗಳು ಬಾಗಿಲು ಹಾಕಿದವು, ತೋಟದ ಮನೆಗಳ ಅಂಗಳದಲ್ಲಿ ಚಪ್ಪರ ಎದ್ದವು. ಡ್ರೋನು, ಕ್ರೇನು, ಐದು ಜನರ ತಂಡ ಯಾರಿಗೂ ಬೇಡ. ಒಬ್ಬರು ಬಂದು ಹೋದರೆ ಸಾಕು. ಹಾಗೆ ಹೊರಟೆ. ಮಿತಿ ಹೋಗಿ ವರ್ಷಗಳಾದರೂ ಸಣ್ಣ ಮದುವೆಗಳನ್ನೇ ಒಪ್ಪಿಕೊಳ್ಳುತ್ತೇನೆ. ಇನ್ನೂರು ಜನ ಮೀರುತ್ತಾರೆ ಅಂದರೆ ಬೇರೆಯವರ ನಂಬರ್ ಕೊಡುತ್ತೇನೆ.

ಮೊದಲ ವರ್ಷ ಒಂದು ಹಟ ಇತ್ತು ನನಗೆ. ಯಾರೂ ಕ್ಯಾಮೆರಾ ನೋಡಬಾರದು, ಎಲ್ಲ ಸಹಜವಾಗಿರಬೇಕು. ಆಲೂರಿನ ಹತ್ತಿರ ಒಂದು ಮನೆಯಲ್ಲಿ ಮದುಮಗನ ಅಜ್ಜ ಶಲ್ಯ ಸರಿಮಾಡಿಕೊಂಡು, ಕೈ ಎರಡೂ ತೊಡೆಗೆ ಅಂಟಿಸಿಕೊಂಡು, ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ನಿಂತರು. "ತಾತ, ಹಂಗೆ ನಿಂತ್ಕೋಬೇಡಿ, ಆರಾಮಾಗಿರಿ" ಅಂದೆ. ಅವರಿಗೆ ಮುಖಭಂಗವಾಯಿತು. ಆಮೇಲೆ ದಿನವಿಡೀ ನಾನು ಹತ್ತಿರ ಹೋದರೆ ಎದ್ದು ಬೇರೆ ಕಡೆ ಹೋಗೋರು. ಅವರ ಕಾಲದಲ್ಲಿ ಫೋಟೋ ಅಂದರೆ ಸ್ಟುಡಿಯೋಗೆ ಹೋಗಿ ದುಡ್ಡು ಕೊಟ್ಟು ತೆಗೆಸಿಕೊಳ್ಳುವ ಒಂದೇ ಒಂದು ಪಟ. ರೀಲಿನಲ್ಲಿ ಇದ್ದದ್ದೇ 36. ಅಲುಗಾಡಿದರೆ ದಂಡ. ಅವರ ಲೆಕ್ಕದಲ್ಲಿ ನೆಟ್ಟಗೆ ನಿಂತದ್ದೇ ಫೋಟೋ, ಉಳಿದದ್ದು ಹುಡುಗಾಟ.

ಅವತ್ತಿನಿಂದ ಕ್ರಮ ತಿರುಗಿಸಿದೆ. ಮೊದಲು ಅವರ ಫೋಟೋ. ಅವರು ಹೇಗೆ ನಿಲ್ಲುತ್ತಾರೋ ಹಾಗೇ, ತಲೆಯಿಂದ ಕಾಲಿನವರೆಗೆ ಒಂದು ತೆಗೆದು, ಕ್ಯಾಮೆರಾ ತಿರುಗಿಸಿ ತೋರಿಸುತ್ತೇನೆ. "ಕನ್ನಡಕ ಹಾಕ್ಕೊಂಡು ಇನ್ನೊಂದು ತೆಗಿ" ಅಂದರೆ ಇನ್ನೊಂದು. ಕೆಲಸ ಮುಗಿಯಿತು ಅಂತ ಅವರಿಗೆ ಅನಿಸಿದ ಮೇಲೆ ನನ್ನದು ಶುರು. ಕೂತು ಎಲೆಗೆ ಸುಣ್ಣ ಸವರುತ್ತಾರೆ, ಮೊಮ್ಮಗುವಿನ ಜಡೆ ಬಿಗಿ ಮಾಡುತ್ತಾರೆ, ಅಡುಗೆ ಭಟ್ಟರಿಗೆ ಸಾರು ಸಪ್ಪೆ ಅಂತ ಹೇಳಲು ಎದ್ದು ಹೋಗುತ್ತಾರೆ. ಕೈಗೆ ಕೆಲಸ ಸಿಕ್ಕಿದರೆ ಮುಖ ತಾನೇ ಬಿಡುತ್ತದೆ. ದೂರದ ಮುಖವನ್ನು ಹತ್ತಿರಕ್ಕೆ ತರುವ 85 ಎಂಎಂ ಲೆನ್ಸ್ ಹಾಕಿಕೊಂಡು ಹತ್ತು ಹೆಜ್ಜೆ ದೂರ ನಿಂತರೆ ನಾನಿದ್ದೇನೆ ಅನ್ನುವುದೂ ಮರೆತಿರುತ್ತಾರೆ. ನಗಿ ಅಂತ ಹೇಳುವುದನ್ನು ಬಿಟ್ಟೇಬಿಟ್ಟಿದ್ದೇನೆ.

ಬೆಳಕಿನ ವಿಷಯಕ್ಕೆ ಬಂದರೆ, ಕಾಫಿ ತೋಟದೊಳಗೆ ಫೋಟೋ ಚೆನ್ನಾಗಿ ಬರುತ್ತದೆ ಅನ್ನುವುದು ಅರ್ಧ ಸುಳ್ಳು. ಸಿಲ್ವರ್ ಓಕ್ ಎಲೆ ಸಂದಿನಿಂದ ಇಳಿಯುವ ಬಿಸಿಲು ಮುಖದ ಮೇಲೆ ಚುಕ್ಕೆ ಚುಕ್ಕೆ ಬೀಳುತ್ತದೆ. ಮೂಗಿನ ಮೇಲೊಂದು ಬೆಳ್ಳನೆ ಮಚ್ಚೆ, ಕೆನ್ನೆ ಕಪ್ಪು. ಅದು ತಪ್ಪಿದರೆ ಸುತ್ತಲಿನ ಹಸಿರು ಗಲ್ಲದ ಕೆಳಗೆ ಬಂದು ಕೂರುತ್ತದೆ. ಅರಿಶಿನ ಹಚ್ಚಿದ ಮದುಮಗಳು ಕಾಮಾಲೆ ಬಂದವಳ ಹಾಗೆ ಕಾಣುತ್ತಾಳೆ. ಕಂಪ್ಯೂಟರಿನಲ್ಲಿ ಅದನ್ನು ತೆಗೆಯಲು ಹೋದರೆ ಸೀರೆ ಬಣ್ಣ ಕೆಡುತ್ತದೆ. ನಾನು ಕಂಡುಕೊಂಡ ದಾರಿ ಕಾಫಿ ಕಣ. ಹಣ್ಣು ಒಣಗಿಸುವ ಆ ಸಿಮೆಂಟಿನ ಅಂಗಳ ಬಿಸಿಲನ್ನು ಹಿಡಿದು ಕೆಳಗಿನಿಂದ ಮೇಲಕ್ಕೆ ಎಸೆಯುತ್ತದೆ. ಕಣಕ್ಕೆ ಮುಖ ಮಾಡಿದ ಜಗಲಿಯ ನೆರಳಲ್ಲಿ ಮದುಮಗಳನ್ನು ಕೂರಿಸಿದರೆ ಕಣ್ಣ ಕೆಳಗಿನ ಕಪ್ಪು ಹೋಗಿ, ಮೂಗುತಿ ಹೊಳೆದು, ಮುಖ ತುಂಬಿಕೊಳ್ಳುತ್ತದೆ. ಬಾಡಿಗೆಗೆ ತರುವ ಯಾವ ಲೈಟೂ ಬೇಡ. ಕೊಯ್ಲಿನ ತಿಂಗಳಲ್ಲಿ ಕಣದ ತುಂಬ ಕಾಫಿ ಹರಡಿರುತ್ತದೆ, ಆಗ ಈ ಆಟ ನಡೆಯುವುದಿಲ್ಲ. ಬಿಳಿ ಪಂಚೆ ಒಂದನ್ನು ನೆಲಕ್ಕೆ ಹಾಸುತ್ತೇನೆ, ಅಷ್ಟೇ.

ಕಾಫಿ ಹೂವಿನ ನಡುವೆ ಫೋಟೋ ಬೇಕು ಅಂತ ಬೆಂಗಳೂರಿನಿಂದ ಫೋನ್ ಮಾಡುವವರಿಗೆ ಒಂದು ಮಾತು. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಹೂ ಅರಳುತ್ತದೆ, ಎರಡು ಮೂರು ದಿನ ಬೆಳ್ಳಗಿದ್ದು ಕಂದುತ್ತದೆ. ಮಳೆ ಮಾರ್ಚಲ್ಲೋ ಏಪ್ರಿಲ್‌ನಲ್ಲೋ, ಅದು ಯಾರ ಕೈಯಲ್ಲೂ ಇಲ್ಲ. ಒಂದು ತಿಂಗಳು ಮೊದಲೇ ತಾರೀಕು ಕೊಡಿ ಅಂದರೆ ನಾನೆಲ್ಲಿಂದ ಕೊಡಲಿ? ಸ್ಪ್ರಿಂಕ್ಲರ್ ಹಾಕಿಸುವ ರೊಬಸ್ಟಾ ತೋಟದವರು ಪರಿಚಯವಿದ್ದರೆ ಸ್ವಲ್ಪ ಅಂದಾಜು ಸಿಗುತ್ತದೆ. ಸಿಕ್ಕರೂ ರೆಂಬೆ ಹಿಡಿದು ಜಗ್ಗುವಂತಿಲ್ಲ. ಅದು ಅವರ ವರ್ಷದ ಫಸಲು.

ಬೇಲೂರಿನ ಆಸೆಯೂ ಇಂಥದ್ದೇ. 1117ರ ಚೆನ್ನಕೇಶವನ ಗುಡಿ 2023ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಮೇಲೆ ಕೇಳುವವರು ಇನ್ನೂ ಜಾಸ್ತಿ. ದರ್ಪಣ ಸುಂದರಿಯ ಕೆಳಗೆ ಕನ್ನಡಿ ಹಿಡಿದು ನಿಲ್ಲಬೇಕು ಅನ್ನುತ್ತಾರೆ. ಒಳಗೆ ಟ್ರೈಪಾಡ್ ಒಯ್ಯಬೇಕಾದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ನಾನು ಮದುವೆಯಾದವರನ್ನು ದೇವರ ದರ್ಶನಕ್ಕೆ ಕರೆದುಕೊಂಡು ಹೋಗಿ, ಬರುವಾಗ ಊರ ಬೀದಿಯಲ್ಲಿ ಹೂ ಕಟ್ಟುವವರ ಮುಂದೆ ನಿಲ್ಲಿಸಿ ನಾಲ್ಕು ತೆಗೆಯುತ್ತೇನೆ. ಶಿಲಾಬಾಲಿಕೆಯ ಪಕ್ಕ ನಿಂತು ಗೆದ್ದ ಹುಡುಗಿಯನ್ನು ನಾನಂತೂ ನೋಡಿಲ್ಲ.

ಮುಹೂರ್ತದ ಹೊತ್ತು ಮಾತ್ರ ಬೇರೆ ಲೋಕ. ಅಂತರಪಟ ಸರಿದು, ಜೀರಿಗೆ ಬೆಲ್ಲ ತಲೆ ಮೇಲಿಟ್ಟು, ಗಟ್ಟಿಮೇಳ ಮೊಳಗಿ, ತಾಳಿ ಬಿದ್ದು, ಅಕ್ಷತೆ ಸುರಿಯುವವರೆಗೆ ಉಸಿರು ಬಿಡಲು ಹೊತ್ತಿರುವುದಿಲ್ಲ. ಅದಕ್ಕೇ ಬೆಳಗ್ಗೆ ಮೊದಲು ಮಾತಾಡಿಸುವುದು ಪುರೋಹಿತರನ್ನು. ಕಾಫಿ ಕೊಡಿಸಿ, "ಸ್ವಾಮಿ, ತಾಳಿ ಕಟ್ಟುವಾಗ ನೀವು ಯಾವ ಕಡೆ ಇರ್ತೀರಿ?" ಅಂತ ಕೇಳಿಕೊಳ್ಳುತ್ತೇನೆ. ಕೇಳಿಸಿಕೊಂಡವರು ಆ ಗಳಿಗೆಯಲ್ಲಿ ಅರ್ಧ ಹೆಜ್ಜೆ ಹಿಂದೆ ಸರಿಯುತ್ತಾರೆ. ಮಂಟಪದ ಎಲ್‌ಇಡಿ ಸಾಲು ಇದ್ದರೆ ಶಟರ್ ವೇಗ ಸೆಕೆಂಡಿನ 1/100ಕ್ಕೆ ಇಡುತ್ತೇನೆ. ನಮ್ಮ ಕರೆಂಟು 50 ಹರ್ಟ್ಜ್‌ನದು, ಅಗ್ಗದ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ, ವೇಗ ಹೆಚ್ಚಿಸಿದರೆ ಫೋಟೋದಲ್ಲಿ ಪಟ್ಟೆ ಬೀಳುತ್ತದೆ.

ಇಷ್ಟೆಲ್ಲ ತಿಳಿದವಳು ಒಮ್ಮೆ ಮಣ್ಣು ಮುಕ್ಕಿದ್ದೇನೆ. ಸಕಲೇಶಪುರದ ಕಡೆ, ಶ್ರಾವಣದ ಮದುವೆ, ಹಿಡಿದ ಮಳೆ. ಕಾರಿನ ಗಾಜಿಗೆ ಮಂಜು ಕಟ್ಟುತ್ತದೆ ಅಂತ ದಾರಿಯುದ್ದಕ್ಕೂ ಎಸಿ ಹಾಕಿದ್ದೆ, ಬ್ಯಾಗು ಅದರ ಮುಂದೆಯೇ ಇತ್ತು. ತಡವಾಗಿ ಹೋದೆ. ಒಳಗೆ ಹೋಮದ ಬಿಸಿ, ಒದ್ದೆ ಬಟ್ಟೆಯ ಜನ, ಹಿಂದೆ ಅನ್ನದ ಹಂಡೆಯ ಹಬೆ. ಅಂತರಪಟ ಸರಿಯುವಾಗ ಕ್ಯಾಮೆರಾ ಎತ್ತಿದರೆ, ತಣ್ಣಗಾಗಿದ್ದ ಲೆನ್ಸಿಗೆ ಆ ಹಬೆ ಕೂತು ಎಲ್ಲ ಹಾಲು ಹಾಲು. ಸೆರಗಿನಿಂದ ಒರೆಸಿದೆ, ಮತ್ತೆ ಮಂಜು. ಎರಡನೆಯ ಕ್ಯಾಮೆರಾವೂ ಅದೇ ಬ್ಯಾಗಿನಲ್ಲಿದ್ದದ್ದು. ಲೆನ್ಸ್ ತಿಳಿಯಾಗುವಷ್ಟರಲ್ಲಿ ಅಕ್ಷತೆ ನೆಲದ ಮೇಲಿತ್ತು. ಊಟಕ್ಕೆ ಮೊದಲೇ ಹುಡುಗಿಯ ಅಪ್ಪನಿಗೆ ಹೇಳಿದೆ. "ಇರ್ಲಿ ಬಿಡವ್ವ, ನಮ್ಮ ಹುಡುಗ ಮೊಬೈಲಲ್ಲಿ ತೆಗ್ದವ್ನೆ" ಅಂದರು. ಬೈದಿದ್ದರೆ ಚೆನ್ನಾಗಿತ್ತು. ಅರ್ಧ ದುಡ್ಡು ವಾಪಸ್ ಕೊಟ್ಟೆ. ಈಗ ಮಳೆಗಾಲದಲ್ಲಿ ಮುಹೂರ್ತಕ್ಕೆ ಒಂದು ಗಂಟೆ ಮೊದಲು ಹೋಗಿ, ಕ್ಯಾಮೆರಾ ಬ್ಯಾಗಿನ ಬಾಯಿ ತೆರೆದು ಮಂಟಪದ ಪಕ್ಕ ಇಟ್ಟುಬಿಡುತ್ತೇನೆ.

ನನಗೆ ತುಂಬ ಕಷ್ಟ ಕೊಡುವುದು, ಅಷ್ಟೇ ಇಷ್ಟವಾಗುವುದು ಮಂತ್ರ ಮಾಂಗಲ್ಯ. ಕುವೆಂಪು ಅವರು ಮಗ ತೇಜಸ್ವಿಯವರ ಮದುವೆಗೆ ರೂಪಿಸಿದ ಸರಳ ಪದ್ಧತಿ ಇದು, ಮಲೆನಾಡಿನ ಮನೆಗಳಲ್ಲಿ ಇನ್ನೂ ನಡೆಯುತ್ತದೆ. ಹೋಮವಿಲ್ಲ, ವಾಲಗವಿಲ್ಲ. ಹುಡುಗ ಹುಡುಗಿ ನಿಂತು ಪ್ರಮಾಣ ವಚನ ಓದುತ್ತಾರೆ, ಮುಗಿಯಿತು. ಮೊದಲ ಸಲ ಮೂಡಿಗೆರೆ ಹತ್ತಿರ ಹೋದಾಗ ಕಾಗದ ಹಿಡಿದ ಇಬ್ಬರ ಫೋಟೋ ನಲವತ್ತು ಸಿಕ್ಕವು, ಎಲ್ಲ ಒಂದೇ. ಈಗ ವಚನದ ಪ್ರತಿ ಮೊದಲೇ ತರಿಸಿಕೊಂಡು ಓದಿಕೊಳ್ಳುತ್ತೇನೆ. ಓದುವವರನ್ನು ನಾಲ್ಕು ಫ್ರೇಮಿಗೆ ಮುಗಿಸಿ, ಅವರಿಗೆ ಬೆನ್ನು ಮಾಡಿ ಕೇಳುವವರ ಕಡೆ ತಿರುಗುತ್ತೇನೆ. ಯಾವ ದೇವರ ಗುಲಾಮರೂ ಅಲ್ಲ ಅನ್ನುವ ಅರ್ಥದ ಸಾಲು ಬಂದಾಗ ಮುಂದಿನ ಸಾಲಲ್ಲಿ ಕೂತ ಅತ್ತೆಯರ ಮುಖ ನೋಡಬೇಕು.

ಅವರು ಕೇಳಿದ್ದನ್ನು ಮೊದಲು ಕೊಡುತ್ತೇನೆ ಅಂದೆನಲ್ಲ, ಒಂದನ್ನು ಮಾತ್ರ ಕೊಡುವುದಿಲ್ಲ. "ಹುಡುಗೀನ ಸ್ವಲ್ಪ ಬೆಳ್ಳಗೆ ಮಾಡಿಬಿಡಿ." ಸ್ಟುಡಿಯೋದಲ್ಲಿ ಆರು ವರ್ಷ ಈ ಕೈಯಲ್ಲೇ ಅದನ್ನು ಮಾಡಿದ್ದೇನೆ, ಗುರುತು ಸಿಗದ ಹಾಗೆ ಬಿಳುಪು ಬಳಿದಿದ್ದೇನೆ. ಈಗ ಮುಂಗಡ ತೆಗೆದುಕೊಳ್ಳುವಾಗಲೇ ಹೇಳುತ್ತೇನೆ, ಮೊಡವೆ ತೆಗೆಯುತ್ತೇನೆ, ಬಣ್ಣ ಮುಟ್ಟುವುದಿಲ್ಲ. ಇದಕ್ಕೆ ಎರಡು ಮದುವೆ ಕೈಬಿಟ್ಟು ಹೋಗಿವೆ, ಎರಡೂ ಸಲ ಬೇಡ ಅಂದದ್ದು ಹುಡುಗನ ಕಡೆಯವರು.

ಕೊನೆಗೆ ಪೆನ್‌ಡ್ರೈವಿನಲ್ಲಿ ಮುನ್ನೂರು ನಾನೂರು ಫೋಟೋ, ಒಂದು ಆಲ್ಬಂ. ಅದರ ಜೊತೆ ಮೊಬೈಲ್ ನೋಡಲು ಬಾರದ ಅಜ್ಜ ಅಜ್ಜಿಯರಿಗೆ ಅಂತ ಹತ್ತು ಪೋಸ್ಟ್‌ಕಾರ್ಡ್ ಅಳತೆಯ ಪ್ರಿಂಟು, ನೆಟ್ಟಗೆ ನಿಂತದ್ದೊಂದು, ನನ್ನದೊಂದು. ಗೋಡೆಗೆ ಹೋಗುವುದು ಯಾವಾಗಲೂ ನೆಟ್ಟಗೆ ನಿಂತದ್ದೇ. ಆ ಹತ್ತಕ್ಕೆ ದುಡ್ಡು ಕೇಳುವುದಿಲ್ಲ. ಮುಂದಿನ ಮದುವೆಯ ಫೋನು ಬರುವುದು ಹೆಚ್ಚಾಗಿ ಆ ಮನೆಗಳಿಂದಲೇ.