ಜೈಂತಿಯಾ ಬೆಟ್ಟದ ಹುಳಿನೀರು: ಸುಣ್ಣದಕಲ್ಲು ಕೊನೆಗೂ ಕೆಲಸ ಮಾಡಿತು

ಕಲ್ಲಿದ್ದಲು ಗಣಿಬಿಲದಿಂದ ಸೋರುವ ಆಮ್ಲದ ನೀರಿನ ಹುಳಿ ತೆಗೆಯಲು ನಾನೊಂದು ಹೊಂಡ ಮಾಡಿಸಿದ್ದೆ. ಹೋದ ಫೆಬ್ರವರಿಯಲ್ಲಿ ಆ ಹೊಂಡದಿಂದ ಹೊರಬರುವ ನೀರಿಗೆ ಮೀಟರ್ ಅದ್ದಿದೆ. ಹುಳಿಯ ಅಳತೆಯಾದ ಪಿಎಚ್ 6.5 ತೋರಿಸಿತು. 7 ಅಂದರೆ ಹುಳಿಯೇ ಇಲ್ಲ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ನಂಬದೆ ತೊಳೆದು ಮತ್ತೆ ಎರಡು ಸಲ ಅದ್ದಿದೆ. ಅದೇ 6.5. ಗಣಿಬಿಲದ ಬಾಯಲ್ಲಿ ಅದೇ ನೀರು 3ರ ಹತ್ತಿರ ಇತ್ತು.

ಮೇಘಾಲಯದ ಈ ಕಡೆಯ ಕಲ್ಲಿದ್ದಲಿನಲ್ಲಿ ಗಂಧಕ ಜಾಸ್ತಿ. ಗಾಳಿ, ನೀರು ತಾಗಿದರೆ ಅದೇ ಆಮ್ಲವಾಗುತ್ತದೆ. 2014ರಲ್ಲಿ ಹಸಿರು ನ್ಯಾಯಮಂಡಳಿ ಇಲಿಬಿಲದ ಗಣಿಗಾರಿಕೆ, ಅಂದರೆ ಇಕ್ಕಟ್ಟಾದ ಬಿಲ ಕೊರೆದು ಒಳಗೆ ತೆವಳಿ ಕಲ್ಲಿದ್ದಲು ತೆಗೆಯುವುದನ್ನು, ನಿಷೇಧಿಸಿತು. ಆದರೆ ಬಿಟ್ಟುಹೋದ ಬಿಲಗಳು ಸೋರುತ್ತಲೇ ಇವೆ. ನಾನು ಹಿಡಿದ ತೊರೆ ಲೂಖಾ ನದಿಗೆ ಸೇರುತ್ತದೆ. ಚಳಿಗಾಲದಲ್ಲಿ ನೀಲಿಗಟ್ಟುತ್ತದಲ್ವಾ, ಅದೇ ನದಿ. ಸಂಡೂರಿನ ಗಣಿಧೂಳಲ್ಲಿ ಬೆಳೆದವನು ನಾನು. ಆದರೂ ಇಷ್ಟು ತಿಳಿಯಾಗಿದ್ದು ಒಂದು ಮರಿಮೀನೂ ಇಲ್ಲದ ನೀರು ನೋಡಿರಲಿಲ್ಲ.

ಮೊದಲು ತೆರೆದ ಕಾಲುವೆಗೆ ಸುಣ್ಣದಕಲ್ಲು ಸುರಿದೆ. ಸುಮಾರು 90 ಸಾವಿರ ಖರ್ಚಾಯಿತು. ಮೂರು ವಾರ ಚೆನ್ನಾಗಿತ್ತು. ಆಮೇಲೆ ನೀರಿನಲ್ಲಿ ಕರಗಿದ್ದ ಕಬ್ಬಿಣ ಕೆಂಪು ಪದರವಾಗಿ ಕಲ್ಲಿಗೆ ಅಂಟಿಕೊಂಡಿತು. ಒಳಗೆ ಕಲ್ಲು ಹಾಗೇ ಇತ್ತು, ನೀರಿಗೆ ಮುಟ್ಟುತ್ತಲೇ ಇರಲಿಲ್ಲ. ಸುಟ್ಟ ಸುಣ್ಣ ಹಾಕಿದೆ. ದಿನಾ ಒಬ್ಬ ಆಳು ಬೇಕಾಯಿತು, ಒಂದು ಮಳೆಗೆ ಎಲ್ಲ ಕೊಚ್ಚಿಹೋಯಿತು. ಜೊತೆಯ ಎಂಜಿನಿಯರುಗಳು "ಬಿಡು ಮಾರಾಯಾ, ಈ ಹುಳಿಗೆ ಸುಣ್ಣ ಸಾಲದು" ಅಂದರು. ಊರ ಹಿರಿಯರು ಮಾತ್ರ ಜಾಗ ಕೊಟ್ಟರು.

ಹರಿವು ನಿಮಿಷಕ್ಕೆ ಒಂದು ಕೊಡದಷ್ಟು. ಎರಡು ಗುಂಟೆ ಹೊಂಡ ತೋಡಿಸಿ, ತಳಕ್ಕೆ ಹನ್ನೆರಡು ಟಿಪ್ಪರ್ ಸುಣ್ಣದಕಲ್ಲಿನ ಜಲ್ಲಿ ಹಾಸಿದೆ. ಮೇಲೆ ಒಂದಡಿ ಸಗಣಿ, ಮರದ ಹೊಟ್ಟು. ನೀರು ಮೇಲಿಂದ ಇಳಿಯುವಾಗ ಆ ಗೊಬ್ಬರ ಆಮ್ಲಜನಕವನ್ನು ತಿಂದುಹಾಕುತ್ತದೆ. ಹಾಗಾಗಿ ಕೆಳಗೆ ಕಲ್ಲಿನ ಮೇಲೆ ಕಬ್ಬಿಣ ಕೂರುವುದಿಲ್ಲ. ಅದು ಪಕ್ಕದ ತೆರೆದ ಗುಂಡಿಯಲ್ಲಿ ಇಳಿಯುತ್ತದೆ. ಸಗಣಿ ಎಷ್ಟು, ಹೊಟ್ಟು ಎಷ್ಟು ಅನ್ನುವುದು ನನ್ನ ಗುಟ್ಟು. ಎರಡು ಮಳೆಗಾಲ ಒದ್ದಾಡಿ ಕಂಡುಕೊಂಡದ್ದು, ಸದ್ಯಕ್ಕೆ ಹೇಳಲಾರೆ. ಕಲ್ಲು, ಜೆಸಿಬಿ, ಪೈಪು ಸೇರಿ ಎರಡೂಕಾಲು ಲಕ್ಷ ದಾಟಿತು. ಅರ್ಧ ನನ್ನ ಉಳಿತಾಯದ ದುಡ್ಡು.

ಸುಮ್ನೆ ನೋಡೋಣ ಅಂತ ಕೊನೆಯಲ್ಲಿ ಒಂದು ಚಿಕ್ಕ ಜಲ್ಲಿ ಹಾಸು ಮಾಡಿ ಪಾಚಿ ಬೆಳೆಯಲು ಬಿಟ್ಟೆ. ಎರಡು ತಿಂಗಳಲ್ಲಿ ಕಲ್ಲು ಕಪ್ಪಾಯಿತು. ನೀರಿನಲ್ಲಿದ್ದ ಮ್ಯಾಂಗನೀಸ್ ಅನ್ನುವ ಲೋಹ ಅದರ ಮೇಲೆ ಕೂತಿತ್ತು!

ಗಂಧಕದಿಂದ ಬಂದ ಸಲ್ಫೇಟ್ ಲವಣ ನೀರಿನಲ್ಲಿ ಇನ್ನೂ ಜಾಸ್ತಿಯೇ ಇದೆ, ಆ ನೀರು ಕುಡಿಯಬೇಡಿ ಅಂತ ಊರಲ್ಲಿ ಹೇಳಿದ್ದೇನೆ. ಆದರೆ ಕೆಳಗಿನ ಗದ್ದೆಯವರು ಈ ವರ್ಷ ಅದೇ ನೀರಿನಲ್ಲಿ ಭತ್ತದ ಸಸಿ ಹಾಕಿದರು. ಪಕ್ಕದ ಊರಿನವರೂ ತಮ್ಮ ಬಿಲ ತೋರಿಸಿದ್ದಾರೆ. ಅಲ್ಲಿ ಹರಿವು ಮೂರು ಪಟ್ಟು. ಮಳೆಗೆ ಮುಂಚೆ ಅಳತೆ ತೆಗೆಯಬೇಕು.